ಬಳಕೆದಾರರ ತಪ್ಪು

ಶಾಲೆಯಲ್ಲಿ ಎಲ್ಲರೂ ಆಕೆಯನ್ನು ಸನ್ನೆ ಟೀಚರ್ ಎಂದೇ ಕರೆಯುತ್ತಿದ್ದರು. ಕಿವಿ ಕೇಳದ ಮಕ್ಕಳ ಶಾಲೆ ಅದು; ಸನ್ನೆ ಬಾರದ ಟೀಚರ್ ಅಲ್ಲಿ ಒಬ್ಬರೂ ಇರಲಿಲ್ಲ. ಆದರೆ ಉಳಿದವರೆಲ್ಲ ತರಬೇತಿಯಲ್ಲಿ ಕಲಿತವರು, ಈಕೆ ತೊಟ್ಟಿಲಲ್ಲಿ ಕಲಿತವಳು. ಆರು ವರ್ಷ ದೊಡ್ಡವಳಾದ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಬಾಯಿಗೆ ಮಾತು ಬರುವ ಮೊದಲೇ ಸಣ್ಣವಳ ಕೈಗೆ ಮಾತು ಬಂತು ಎಂದು ಅವರಮ್ಮ ಬದುಕಿರುವ ತನಕ ಬಂದವರಿಗೆಲ್ಲ ಹೇಳುತ್ತಿದ್ದಳು. ಈಗ ತಂಗಿಗೆ ಐವತ್ತೆರಡು, ಅಕ್ಕನಿಗೆ ಐವತ್ತೆಂಟು. ಇಬ್ಬರೂ ಒಂದೇ ಮನೆಯಲ್ಲಿದ್ದರು. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ತಂಗಿಯ ಪುಸ್ತಕಗಳು, ನಡುವೆ ಒಂದು ಊಟದ ಮೇಜು. ಜಗಳಗಳೆಲ್ಲ ಆ ಮೇಜಿನ ಮೇಲೇ ನಡೆಯುತ್ತಿದ್ದವು. ಬೈಯುವ ಮುಂಚೆ ಅಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಎರಡೂ ಕೈ ಖಾಲಿ ಮಾಡಿಕೊಳ್ಳುತ್ತಿದ್ದಳು. ಅದನ್ನು ಕಂಡ ಕೂಡಲೇ ತಂಗಿ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಅಕ್ಕನ ಜೊತೆ ಜಗಳದಲ್ಲಿ ಗೆಲ್ಲಲು ಇದ್ದದ್ದು ಅದೊಂದೇ ದಾರಿ.

ಐದು ವರ್ಷದ ಹಿಂದೆ ಇಬ್ಬರೂ ಸೇರಿ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದ್ದರು. ಶಾಲೆಯ ಮಕ್ಕಳು ಬಳಸುವ ಸನ್ನೆಗಳನ್ನೆಲ್ಲ ಕೂಡಿಸಿ ಒಂದು ನಿಘಂಟು ಮಾಡುವುದು. ಗೋಡೆಗೆ ನೀಲಿ ಹೊದಿಕೆ ಕಟ್ಟಿ, ಅದರ ಮುಂದೆ ಅಕ್ಕನನ್ನು ನಿಲ್ಲಿಸಿ, ಪದಕ್ಕೊಂದರಂತೆ ನಾಲ್ಕೈದು ಸೆಕೆಂಡಿನ ವಿಡಿಯೋ ತೆಗೆದರು. ಒಟ್ಟು ಸಾವಿರದ ನೂರ ನಲವತ್ತು ಪದ. ಆವಿ, ಪರಿಧಿ, ಜೀವಕೋಶ ಇಂಥವಕ್ಕೆ ಮಕ್ಕಳಲ್ಲಿ ಸನ್ನೆಯೇ ಇರಲಿಲ್ಲ. ಏಳನೇ ತರಗತಿಯವರನ್ನು ಕೂರಿಸಿಕೊಂಡು ಚರ್ಚೆ ಮಾಡಿ, ಕೈ ಎತ್ತಿಸಿ, ಬಹುಮತದಿಂದ ಒಂದೊಂದನ್ನೇ ಠರಾಯಿಸಿದರು. ಆಮೇಲೆ ಟೀಚರ್ ಒಂದು ಬೇಸಿಗೆ ರಜೆಯನ್ನೆಲ್ಲ ಕಳೆದು, ಆ ವಿಡಿಯೋಗಳನ್ನು ಹುಡುಕಿ ನೋಡಬಲ್ಲಂಥ ಒಂದು ವೆಬ್‌ಪುಟ ಕಟ್ಟಿದಳು. ಅದಕ್ಕೆ ಆಕೆ ಆರಿಸಿಕೊಂಡದ್ದು ಗುಬ್ಬಿ ಎಂಬ ಪುಟ್ಟ ಫ್ರೇಮ್‌ವರ್ಕ್, ವೆಬ್‌ಪುಟ ಕಟ್ಟಲು ಸಿದ್ಧ ಹಂದರ. ದೂರದ ಯಾವುದೋ ಊರಿನ ಒಬ್ಬನೇ ಒಬ್ಬ ಮನುಷ್ಯ ಬಿಡುವಿನಲ್ಲಿ ಬರೆದು, ಬೇಕಾದವರು ಬಳಸಲಿ ಎಂದು ಬಿಟ್ಟಿದ್ದ ಸಾಧನ. ಅದರ ಕೈಪಿಡಿ ಒಂದೇ ಪುಟ. ಅದಕ್ಕೇ ಆಕೆಗೆ ಧೈರ್ಯ ಬಂದದ್ದು.

ಶಾಲೆಯ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿದ್ದ ಹಳೇ ಯಂತ್ರದ ಮೇಲೆ ಆ ಪುಟ ನಾಲ್ಕು ವರ್ಷ ಒಂದು ದಿನವೂ ಕೈಕೊಡದೆ ನಡೆಯಿತು. ಮಕ್ಕಳು ನೋಡುತ್ತಿದ್ದರು. ಅವರಿಗಿಂತ ಹೆಚ್ಚಾಗಿ ಮನೆಗಳಲ್ಲಿ ಅಪ್ಪ ಅಮ್ಮಂದಿರು ಮೊಬೈಲಿನಲ್ಲಿ ನೋಡುತ್ತಿದ್ದರು.

ಆಮೇಲೆ ಒಂದು ಗುರುವಾರ ಶಿಕ್ಷಣ ಕಚೇರಿಯಿಂದ ಟೆಕ್ನಿಷಿಯನ್ ಬಂದ. ಕೊರಳಲ್ಲಿ ಗುರುತಿನ ಚೀಟಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಎಲ್ಲ ಶಾಲೆಗಳ ಹಳೇ ಯಂತ್ರಗಳನ್ನು ಬದಲಾಯಿಸುವ ಯೋಜನೆಯಂತೆ. ಹೊಸದನ್ನು ಇಟ್ಟು, ತಂತಿ ಸಿಕ್ಕಿಸಿ, ಹಳೆಯದನ್ನು ಬಗಲಿಗೇರಿಸಿಕೊಂಡು ಹೋದ. ಮರುದಿನ ಟೀಚರ್ ಫೋನು ಮಾಡಿ ಕೇಳಿದರೆ ಹಳೆಯದನ್ನು ಆಗಲೇ ಪೂರ್ತಿ ಅಳಿಸಿಯಾಗಿತ್ತು. ಆಕೆ ಹೌಹಾರಲಿಲ್ಲ. ವಿಡಿಯೋಗಳಿಗೂ ತಾನು ಬರೆದದ್ದಕ್ಕೂ ಮನೆಯಲ್ಲಿ ಎರಡೆರಡು ನಕಲು ಇಟ್ಟಿದ್ದಳು. ಗುಬ್ಬಿಯನ್ನು ಹೊಸ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ ಎಂದುಕೊಂಡಳು.

ಗುಬ್ಬಿ ಒಂಟಿಯಾಗಿ ಬರುವುದಿಲ್ಲ. ಅದಕ್ಕೆ ಆಸರೆಯಾಗಿ ಇನ್ನೂ ನಾಲ್ಕು ಸಣ್ಣ ಪ್ಯಾಕೇಜುಗಳು, ಅಂದರೆ ಬೇರೆಯವರು ಬರೆದಿಟ್ಟ ಪ್ರೋಗ್ರಾಂ ತುಂಡುಗಳು, ಬೇಕು. ಒಂದು ಸಾಲಿನ ಕಮಾಂಡ್ ಕೊಟ್ಟರೆ ಯಂತ್ರವೇ ಇಂಟರ್ನೆಟ್ಟಿನ ಸಾರ್ವಜನಿಕ ಭಂಡಾರಕ್ಕೆ ಹೋಗಿ ಎಲ್ಲವನ್ನೂ ತಂದು ಜೋಡಿಸಿಕೊಳ್ಳುತ್ತದೆ. ಆಕೆ ಕಮಾಂಡ್ ಕೊಟ್ಟಳು. ಮೂರು ಪ್ಯಾಕೇಜು ಸರಾಗವಾಗಿ ಬಂದವು. ನಾಲ್ಕನೆಯದರಲ್ಲಿ ಯಂತ್ರ ಮುಗ್ಗರಿಸಿತು. ಪರದೆಯ ತುಂಬ ಕೆಂಪು ಅಕ್ಷರ ಉದುರಿ, ಇನ್ನೂರಕ್ಕೂ ಹೆಚ್ಚು ಸಾಲು ಸುರಿದು, ಕೊನೆಗೆ 'ವಿಫಲ' ಎಂದು ನಿಂತಿತು. ಇನ್ನೊಮ್ಮೆ ಕೊಟ್ಟಳು, ಅದೇ. ಯಂತ್ರ ಆರಿಸಿ ಹಚ್ಚಿ ಕೊಟ್ಟಳು, ಅದೇ. ಕಮಾಂಡಿನ ಒಂದೊಂದು ಅಕ್ಷರವನ್ನೂ ಕೈಪಿಡಿಯ ಪಕ್ಕ ಇಟ್ಟು ತಾಳೆ ನೋಡಿದಳು. ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿದರೂ ತಪ್ಪು ಸಿಗಲಿಲ್ಲ.

ಕಚೇರಿಗೆ ಮೂರು ಸಲ ಫೋನು ಮಾಡಿದಳು. ಮೂರೂ ಸಲ ದೂರಿನ ನಂಬರ್ ಕೊಟ್ಟರು, ಮನುಷ್ಯನನ್ನು ಕಳಿಸಲಿಲ್ಲ. ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ಲ, ಗುಬ್ಬಿ ಬರೆದವನ ಕಡೆಗೆ ಹೋಯಿತು. ಕೊನೆಯ ಐದು ಕೆಂಪು ಸಾಲುಗಳನ್ನು ನಕಲಿಸಿ ಅವನಿಗೆ ಇಮೇಲಿನಲ್ಲಿ ಕಾಗದ ಬರೆದಳು. ನಾಲ್ಕು ವರ್ಷ ನಂಬಿದ್ದಕ್ಕೆ ಇದೇನಾ ಫಲ, ನಿಭಾಯಿಸಲಾಗದ ಮೇಲೆ ಇಂಥದ್ದನ್ನು ಲೋಕಕ್ಕೆ ಯಾಕೆ ಬಿಡುತ್ತೀರಿ, ನನ್ನ ಮಕ್ಕಳಿಗೆ ಏನು ಹೇಳಲಿ ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಬರೆದು ಕಳಿಸಿದಳು. ಎರಡು ದಿನ ಕಳೆದು ಉತ್ತರ ಬಂತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲವನ್ನೂ ಕಳಿಸಿ, ದಯವಿಟ್ಟು ಆಯ್ದು ಕಳಿಸಬೇಡಿ, ಅಷ್ಟೇ. ಅದನ್ನೋದಿ ಆಕೆಯ ಮೈಯೆಲ್ಲ ಉರಿದುಹೋಯಿತು. ತಾನು ಕೇಳಿದ್ದೇನು, ಇವನು ಹೇಳುವುದೇನು. ಉತ್ತರವನ್ನೇ ಬರೆಯಲಿಲ್ಲ.

ಮಂಗಳವಾರ ಟೆಕ್ನಿಷಿಯನ್ ಬಂದ. ಕುರ್ಚಿಯಲ್ಲಿ ಪೂರ್ತಿ ಕೂರಲೂ ಇಲ್ಲ, ಅಂಚಿಗೆ ಒರಗಿ ಅದೇ ಕಮಾಂಡ್ ಕೊಟ್ಟ. ಕೆಂಪು ಸುರಿಯುವಾಗ ಮೊಬೈಲ್ ನೋಡುತ್ತಿದ್ದ. ಅದು ನಿಂತ ಮೇಲೆ ತಲೆ ಎತ್ತಿ ಕೊನೆಯ ಸಾಲು ನೋಡಿದ. ನಿಮ್ಮ ಪ್ರೋಗ್ರಾಂ ಹಳೇದು, ಇದನ್ನು ಬಿಟ್ಟುಬಿಡಿ, ಕಚೇರಿಯದೇ ಒಂದು ಸನ್ನೆ ಆ್ಯಪ್ ಇದೆ ಎಂದು ಹೇಳಿ ಅದನ್ನು ಹಾಕಿಕೊಟ್ಟ. ಆಮೇಲೆ ಒಂದು ಗುಲಾಬಿ ಬಣ್ಣದ ನಮೂನೆ ತೆಗೆದು ಬರೆದ. 'ಕಾರಣ: ಬಳಕೆದಾರರ ತಪ್ಪು. ಪರಿಹಾರ: ಕಚೇರಿಯ ಆ್ಯಪ್ ಬಳಸಲು ತಿಳಿಸಲಾಗಿದೆ.' ಕೆಳಗೆ ಬೆರಳಿಟ್ಟು ಇಲ್ಲಿ ಸಹಿ ಎಂದ.

ಟೀಚರ್ ಎರಡು ಸಲ ಓದಿದಳು. ನಾನು ಮಾಡಿದ ತಪ್ಪು ಯಾವುದು ಎಂದು ಕೇಳಿದಳು.

"ಅದು ಹಾಗೇ ಬರಿಯೋದು ಮೇಡಂ. ಎಲ್ಲಾ ಕಡೆ ಹಾಗೇ ಬರಿಯೋದು."

"ಹಾಗಾದ್ರೆ ನಾನು ಸಹಿ ಹಾಕಲ್ಲ," ಎಂದಳು, ಕಡ್ಡಿ ಮುರಿದ ಹಾಗೆ.

ಹೆಡ್‌ಮಿಸ್ ಬಂದು ನಡುವೆ ನಿಂತರು. ಅವರು ಕೆಟ್ಟವರಲ್ಲ, ನಿವೃತ್ತಿಗೆ ಒಂದೂವರೆ ವರ್ಷ ಉಳಿದವರು. ಒಂದು ಸಹಿಯಿಂದ ಏನು ಮಹಾ ಗಂಟು ಹೋಗುತ್ತದೆ, ಕಚೇರಿಯವರ ಜೊತೆ ಯಾಕೆ ನಿಷ್ಠುರ ಎಂದು ಮೆಲ್ಲಗೆ ಹೇಳಿದರು. ಟೀಚರ್ ಸೊಪ್ಪು ಹಾಕಲಿಲ್ಲ. ಸಹಿಯಿಲ್ಲದ ನಮೂನೆ ಮಡಚಿಕೊಂಡು ಟೆಕ್ನಿಷಿಯನ್ ಹೋದ.

ಕಚೇರಿಯ ಆ್ಯಪನ್ನು ಮಧ್ಯಾಹ್ನ ಏಳನೇ ತರಗತಿಗೆ ತೋರಿಸಿದರು. ಅದರಲ್ಲಿ ಸೂಟು ಹಾಕಿದ ಒಬ್ಬ ಮನುಷ್ಯ ನಿಂತು ಸನ್ನೆ ಮಾಡುತ್ತಿದ್ದ. ಕೈ ಎತ್ತಿದಾಗಲೆಲ್ಲ ಬೆರಳ ತುದಿ ಚಿತ್ರದ ಅಂಚಿನಿಂದ ಹೊರಗೆ ಹೋಗುತ್ತಿತ್ತು. ಮೂಗುತಿಗೆ ಮೂಗಿಲ್ಲದ ಹಾಗೆ, ಸನ್ನೆಗೆ ಬೆರಳಿಲ್ಲ. 'ಗುರು' ಎಂಬ ಪದಕ್ಕೆ ಅವನು ಮಾಡಿದ ಸನ್ನೆಗೆ ಈ ಮಕ್ಕಳ ನಡುವೆ 'ತಲೆ ಕೆಟ್ಟವರು' ಎಂಬ ಅರ್ಥ. ತರಗತಿ ನಕ್ಕು ನಕ್ಕು ಬೆಂಚಿನಿಂದ ಜಾರಿತು. ಟೀಚರಿಗೆ ಮಾತ್ರ ನಗು ಬರಲಿಲ್ಲ. ಈ ಆ್ಯಪನ್ನು ಮಾಡಿದವರು ಒಂದೇ ಒಂದು ಕಿವುಡ ಮಗುವಿಗೆ ತೋರಿಸಿದ್ದರೂ ಸಾಕಿತ್ತು.

ಗುರುವಾರ ಮೂರನೇ ತರಗತಿಯ ಒಬ್ಬ ಹುಡುಗಿಯ ಅಪ್ಪ ಗೇಟಿನ ಬಳಿ ಕಾದಿದ್ದ. ಬಸ್ ಡ್ರೈವರು. ದಿನಾ ಕೆಲಸ ಮುಗಿಸಿ ಎರಡು ಹೊಸ ಸನ್ನೆ ಕಲಿತು ಮನೆಗೆ ಹೋಗುತ್ತಿದ್ದ ಮನುಷ್ಯ. ನಿಘಂಟಿನ ಪುಟ ಯಾಕೆ ತೆರೆಯುತ್ತಿಲ್ಲ ಎಂದು ಕೇಳಲು ಬಂದಿದ್ದ. ಕೇಳುವಾಗ ಮುಖ ಸಣ್ಣದಾಗಿತ್ತು. ಏನಾಯಿತೆಂದರೆ, ಹಿಂದಿನ ಸಂಜೆ ಮಗಳು ಹಿಮ್ಮಡಿ ತೋರಿಸಿ, ಐದು ಬೆರಳನ್ನು ಕೊಕ್ಕಿನ ಹಾಗೆ ಕೂಡಿಸಿ ಮತ್ತೆ ಮತ್ತೆ ಕುಟುಕಿ ತೋರಿಸಿ ಅತ್ತಳಂತೆ. ಹಿಮ್ಮಡಿಯ ಚರ್ಮ ಬೇರೆ ಕಿತ್ತಿತ್ತು. ಪುಟ ತೆರೆದು ನೋಡೋಣವೆಂದರೆ ತೆರೆಯಲಿಲ್ಲ. ನಾಯಿ ಕಚ್ಚಿದೆ ಎಂದುಕೊಂಡು ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಡಾಕ್ಟರು ಗುರುತು ಸ್ಪಷ್ಟವಿಲ್ಲ, ಯಾವುದಕ್ಕೂ ಇರಲಿ ಎಂದು ಇಂಜೆಕ್ಷನ್ ಕೊಟ್ಟರು. ಇನ್ನೂ ಕೆಲವು ಬಾಕಿ ಇದ್ದವು.

"ಸೂಜಿ ಚುಚ್ಚುವಾಗ ನನ್ನ ಮುಖಾನೇ ನೋಡ್ತಿದ್ಳು ಟೀಚರ್. ಯಾಕೆ ಹೀಗ್ ಮಾಡ್ತಿದೀಯ ಅನ್ನೋ ಹಾಗೆ."

ಟೀಚರ್ ಅವನಿಗೆ ಆ ಸನ್ನೆಯನ್ನು ಇನ್ನೊಮ್ಮೆ ಮಾಡಿಸಿ ನೋಡಿದಳು. ನಾಯಿ ಕಚ್ಚುವ ಸನ್ನೆ ಬೇರೆ, ಅದಕ್ಕೆ ಅಂಗೈ ಪೂರ್ತಿ ಬಾಯಿಯಾಗುತ್ತದೆ. ಇದು ಶೂ ಕಚ್ಚುವ ಸನ್ನೆ. ಹೊಸ ಶೂ ಹಿಮ್ಮಡಿಗೆ ಒತ್ತುತ್ತಿತ್ತು, ಅಷ್ಟೇ. ನಿಘಂಟಿನಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇದ್ದವು, ಯಾರೂ ಗೊಂದಲ ಮಾಡಿಕೊಳ್ಳಬಾರದೆಂದು ಅಕ್ಕ ಹಟ ಮಾಡಿ ಇಡಿಸಿದ್ದು. ಡ್ರೈವರು ಅದನ್ನು ಕೇಳಿ ಎರಡು ಸನ್ನೆಯನ್ನೂ ಒಂದಾದ ಮೇಲೊಂದು ಮಾಡಿ ನೋಡಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಟೀಚರಿಗೆ ನೆನಪಾಯಿತು. ಇಲ್ಲಿ ಜ್ವರ ಬಂದದ್ದು ಯಂತ್ರಕ್ಕೆ, ಬರೆ ಬಿದ್ದದ್ದು ಎಂಟು ವರ್ಷದ ಮಗುವಿಗೆ.

ಮನೆಗೆ ಬಂದು ಅಕ್ಕನಿಗೆ ಹೇಳಿದಳು. ಅಕ್ಕ ಹೊಲಿಯುತ್ತಿದ್ದ ಪರದೆ ಬಟ್ಟೆಯನ್ನು ಕೆಳಗಿಟ್ಟಳು, ಕತ್ತರಿ ಕೆಳಗಿಟ್ಟಳು, ಕೈಯೆರಡೂ ಖಾಲಿ ಮಾಡಿಕೊಂಡಳು. ಅವತ್ತು ಆಕೆ ಕಚೇರಿಯವರಿಗೆ ಬೈದ ಬೈಗುಳದಲ್ಲಿ ಅರ್ಧದಷ್ಟನ್ನು ನಿಘಂಟಿಗೆ ಸೇರಿಸುವ ಹಾಗಿರಲಿಲ್ಲ. ತಂಗಿ ಈ ಸಲ ಕಣ್ಣು ಮುಚ್ಚಿಕೊಳ್ಳದೆ ಪೂರ್ತಿ ನೋಡಿದಳು.

ಶನಿವಾರ ಟೀಚರ್ ಒಂದು ಪರೀಕ್ಷೆ ಮಾಡಿದಳು. ತಪ್ಪು ನಿಜವಾಗಿ ತನ್ನದೇ ಆಗಿದ್ದರೆ ಮನೆಯ ಲ್ಯಾಪ್‌ಟಾಪಿನಲ್ಲೂ ಹಾಗೇ ಆಗಬೇಕು. ಅಲ್ಲಿ ಗುಬ್ಬಿಯನ್ನು ಹೊಸದಾಗಿ, ಅದೇ ಕಮಾಂಡಿನಿಂದ ಇನ್‌ಸ್ಟಾಲ್ ಮಾಡಿದಳು. ನಾಲ್ಕೂ ಪ್ಯಾಕೇಜು ಬಂದವು, ನಲವತ್ತು ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಅದೇ ಕೈ, ಅದೇ ಕಮಾಂಡ್. ಶಾಲೆಯಲ್ಲಿ ಆಗದ್ದು ಇಲ್ಲಿ ಹೇಗಾಯಿತು? ಹಿಂದಿನ ದಿನ ಶಾಲೆಯಿಂದ ಉಳಿಸಿ ತಂದಿದ್ದ ಸಾಲುಗಳಷ್ಟನ್ನೂ ಮನೆಯ ಲ್ಯಾಪ್‌ಟಾಪ್ ತೋರಿಸಿದ್ದನ್ನೂ ಜೆರಾಕ್ಸ್ ಅಂಗಡಿಗೆ ಒಯ್ದು ಪ್ರಿಂಟ್ ಹಾಕಿಸಿದಳು. ಶಾಲೆಯದು ಒಂಬತ್ತು ಹಾಳೆ, ಮನೆಯದು ಒಂದೇ ಹಾಳೆ. ರಾತ್ರಿ ಊಟದ ತನಕ ಕೆಂಪು ಸಾಲುಗಳನ್ನೇ ಓದಿ ತಲೆ ಚಿಟ್ಟು ಹಿಡಿದು ಮಲಗಿದಳು.

ಭಾನುವಾರ ಬೆಳಗ್ಗೆ ಎದ್ದು ಬಂದರೆ ಅಕ್ಕ ಆ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಅಕ್ಕ ಓದುವ ರೀತಿಯೇ ಬೇರೆ. ಕಿವಿಯಿಂದ ಭಾಷೆ ಕಲಿತವರು ಅರ್ಧ ಓದಿ ಉಳಿದರ್ಧವನ್ನು ಊಹಿಸಿಕೊಳ್ಳುತ್ತಾರೆ. ಅಕ್ಕನಿಗೆ ಆ ಅನುಕೂಲವಿಲ್ಲ. ಬರಹ ಆಕೆಗೆ ಇನ್ನೊಬ್ಬರ ಭಾಷೆ. ಬೆರಳಿಟ್ಟು ಒಂದೊಂದೇ ಪದ ದಾಟುತ್ತಾಳೆ, ಯಾವುದನ್ನೂ ಹಾರಿಸುವುದಿಲ್ಲ. ಎರಡು ತುಂಡು ಬಟ್ಟೆಯ ಅಂಚು ಹೊಂದಿಸುವ ಹಾಗೆ ಎರಡೂ ಹಾಳೆಗಳ ತಲೆಯನ್ನು ಸೇರಿಸಿಟ್ಟಿದ್ದಳು. ತಂಗಿಯನ್ನು ಕಂಡದ್ದೇ ಮೇಜು ತಟ್ಟಿ ಕರೆದು, ಶಾಲೆಯ ಹಾಳೆಯ ಮೊಟ್ಟಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಇದು ಇಲ್ಲಿದೆ, ಅಲ್ಲಿಲ್ಲ. ಯಾಕೆ ಎಂದು ಕೈಯಲ್ಲಿ ಕೇಳಿದಳು.

ಅದು ಕೆಂಪಾಗಿರಲಿಲ್ಲ, ಮಾಮೂಲು ಕಪ್ಪು ಸಾಲು. ಯಂತ್ರ ಪ್ಯಾಕೇಜುಗಳನ್ನು ಎಲ್ಲಿ ಹುಡುಕುತ್ತಿದೆ ಎಂದು ಹೇಳುವ ಸಾಲು. ಅದರ ಮುಂದೆ ಒಂದು ವಿಳಾಸ. ಸಾರ್ವಜನಿಕ ಭಂಡಾರದ್ದಲ್ಲ, ಶಿಕ್ಷಣ ಕಚೇರಿಯದು.

ಟೀಚರ್ ಕುರ್ಚಿ ಎಳೆದು ಕೂತಳು. ಹೊಸ ಯಂತ್ರವನ್ನು ಕಚೇರಿಯವರು ಲೋಕದ ಭಂಡಾರಕ್ಕೆ ಹೋಗದಂತೆ ತಿರುಗಿಸಿ, ತಮ್ಮದೇ ಒಂದು ಭಂಡಾರದಿಂದ ತರುವ ಹಾಗೆ ಮಾಡಿದ್ದರು. ಅದರಲ್ಲಿ ತಪ್ಪೇನಿಲ್ಲ, ಸುರಕ್ಷತೆಗೆ ಹಾಗೆ ಮಾಡುವುದುಂಟು. ಆದರೆ ಆ ಭಂಡಾರವನ್ನು ಆಗಾಗ ಹೊಸದು ಮಾಡುತ್ತಿರಬೇಕು. ಆಕೆ ಹಾಳೆಯ ಮೇಲೆ ಕೆಳಗೆ ಹುಡುಕಿದಳು. ನಾಲ್ಕನೇ ಪ್ಯಾಕೇಜಿನ ಆವೃತ್ತಿಯ ಸಂಖ್ಯೆ ಅಲ್ಲೇ ಇತ್ತು. ಮನೆಯ ಹಾಳೆಯಲ್ಲಿ ಬಂದದ್ದು ಈ ವರ್ಷದ್ದು. ಕಚೇರಿಯ ಭಂಡಾರ ಕೊಟ್ಟದ್ದು ಮೂರು ವರ್ಷ ಹಿಂದಿನದು. ಹೊಸ ಯಂತ್ರದ ಜೊತೆ ಅಷ್ಟು ಹಳೆಯದು ಹೊಂದುವುದೇ ಇಲ್ಲ. ಅದನ್ನು ಹೊಂದಿಸಲು ಹೆಣಗಿ ಹೆಣಗಿ ಯಂತ್ರ ಇನ್ನೂರು ಸಾಲು ಕಿರುಚಿಕೊಂಡಿತ್ತು. ಎಲ್ಲರೂ ಕಿರುಚಿದ್ದನ್ನು ನೋಡಿದ್ದರು, ಯಾಕೆ ಎಂಬುದನ್ನು ಅದು ಮೊದಲೇ ಸಣ್ಣ ದನಿಯಲ್ಲಿ ಹೇಳಿದ್ದನ್ನು ನೋಡಿರಲಿಲ್ಲ. ತಾನೂ ನೋಡಿರಲಿಲ್ಲ. ದೂರದ ಆ ಮನುಷ್ಯ ಕೇಳಿದ್ದೂ ಅದನ್ನೇ ಅಲ್ಲವೇ. ಆಕೆಗೆ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ಇನ್ನೂ ದೊಡ್ಡ ಸಿಟ್ಟು ಬಂತು. ತನಗೆ ಗೊತ್ತಾಗದ್ದು ಸರಿ. ಆ ವಿಳಾಸವನ್ನು ತನ್ನ ಕೈಯಾರೆ ಯಂತ್ರಕ್ಕೆ ಹಾಕಿದವನಿಗೂ ಗೊತ್ತಾಗಬಾರದೇ?

ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ, ಸ್ವಂತ ಮೊಬೈಲಿನ ಇಂಟರ್ನೆಟ್ ಜೋಡಿಸಿ, ಸಾರ್ವಜನಿಕ ಭಂಡಾರದ ವಿಳಾಸವನ್ನು ಕಮಾಂಡಿನಲ್ಲೇ ಸೇರಿಸಿ ಕೊಟ್ಟಳು. ಗುಬ್ಬಿ ಬಂದು ಕೂತಿತು. ಹತ್ತು ಗಂಟೆಗೆ ನಿಘಂಟು ತೆರೆಯಿತು, ನೀಲಿ ಹೊದಿಕೆಯ ಮುಂದೆ ಅಕ್ಕ ಕೈ ಆಡಿಸಿದಳು. ಆಕೆ ಮೊದಲು ಫೋನು ಮಾಡಿದ್ದು ಡ್ರೈವರಿಗೆ.

ಮಂಗಳವಾರ ಬೆಳಗ್ಗೆ ಬಂದು ನೋಡಿದರೆ ಪುಟವಿಲ್ಲ, ಗುಬ್ಬಿಯಿಲ್ಲ. ಕಚೇರಿಯವರು ಅಲ್ಲಿಂದಲೇ ಶಾಲೆಯ ಯಂತ್ರದೊಳಗೆ ಹೊಕ್ಕು ಎಲ್ಲವನ್ನೂ ಕಿತ್ತುಹಾಕಿದ್ದರು. ಪರದೆಯ ಮೇಲೆ ಒಂದು ಸೂಚನೆ: ಅನುಮತಿಯಿಲ್ಲದ ಮೂಲದಿಂದ ಬಂದದ್ದನ್ನು ತೆಗೆದುಹಾಕಲಾಗಿದೆ. ಕೆಳಗೆ, ಹಿಂದಿನ ದೂರಿಗೆ ಸಹಿ ಬಾಕಿಯಿದೆ ಎಂಬ ನೆನಪೋಲೆ.

ಹೆಡ್‌ಮಿಸ್ ಕೂಡ ಆ ಸೂಚನೆಯನ್ನು ಓದಿದರು. ಈ ಸಲ ಅವರು ಸಹಿಯ ಮಾತೆತ್ತಲಿಲ್ಲ. ನಾಳೆ ನಿಮ್ಮ ತರಗತಿ ನಾನು ನೋಡಿಕೊಳ್ತೀನಿ, ಹೋಗಿ ಬನ್ನಿ ಎಂದರು.

ಬುಧವಾರ ಅಕ್ಕತಂಗಿಯರು ಕಚೇರಿಗೆ ಹೋದರು. ಅಕ್ಕನನ್ನು ಯಾರೂ ಕರೆದಿರಲಿಲ್ಲ. ಬೆಳಗ್ಗೆ ಎದ್ದು ಒಳ್ಳೆಯ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಂದೂಕಾಲು ಗಂಟೆ ಬೆಂಚಿನ ಮೇಲೆ ಕಾಯಿಸಿ ಒಳಗೆ ಬಿಟ್ಟರು. ಅಧಿಕಾರಿಯ ಮೇಜು ಅಗಲವಾಗಿತ್ತು, ಕಡತಗಳನ್ನು ಎರಡು ಸಾಲಾಗಿ ಪೇರಿಸಿದ್ದರು. ಟೆಕ್ನಿಷಿಯನ್ ಪಕ್ಕದ ಮೇಜಿನಿಂದ ಎದ್ದು ಬಂದು ನಿಂತ. ಟೀಚರ್ ಹೇಳಬೇಕಾದ್ದನ್ನು ಹೇಳಿದಳು, ಹಾಳೆಗಳನ್ನು ತೋರಿಸಿದಳು. ಅಧಿಕಾರಿ ಸಾವಧಾನವಾಗಿ ಕೇಳಿದರು. ನೋಡಿ, ಇದೆಲ್ಲ ತಾಂತ್ರಿಕ ವಿಷಯ, ಇಂಥದ್ದನ್ನು ನಮ್ಮ ಟೆಕ್ನಿಷಿಯನ್ನೇ ಹೇಳಬೇಕು ಎಂದರು. ಟೆಕ್ನಿಷಿಯನ್, ಅವರು ಕಮಾಂಡ್ ಸರಿಯಾಗಿ ಕೊಟ್ಟಿಲ್ಲ ಸರ್ ಎಂದ.

ಟೀಚರಿಗೆ ದನಿ ಏರಿಸಬೇಕೆನ್ನಿಸಿತು. ಏರಿಸಲಿಲ್ಲ. ಹಾಗಾದರೆ ಇವರೇ ಕೊಡಲಿ, ತಮ್ಮ ಸ್ವಂತ ಕಂಪ್ಯೂಟರಿನಲ್ಲಿ, ತಮ್ಮ ಸ್ವಂತ ಕೈಯಿಂದ, ನಾನು ಎರಡು ಮಾರು ದೂರ ನಿಲ್ಲುತ್ತೇನೆ ಎಂದಳು. ಅಧಿಕಾರಿ ಟೆಕ್ನಿಷಿಯನ್ನನ ಮುಖ ನೋಡಿದರು. ಅವನು ಹೋಗಿ ಕೂತು ಕಮಾಂಡ್ ಕೊಟ್ಟ. ಮೂರು ಬಂದವು. ನಾಲ್ಕನೆಯದಕ್ಕೆ ಕೆಂಪು ಸುರಿಯತೊಡಗಿತು, ಸುರಿದು ಸುರಿದು ನಿಂತಿತು.

"ಈಗ ಬಳಕೆದಾರರು ಯಾರು ಸರ್?" ಎಂದು ಟೀಚರ್ ಕೇಳಿದಳು.

ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಆಯಿತು, ನಮೂನೆಯಲ್ಲಿ ಆ ಮಾತು ಹೊಡೆದು 'ತಾಂತ್ರಿಕ ಕಾರಣ' ಎಂದು ಬರೆಯೋಣ, ಎಲ್ಲರಿಗೂ ಒಪ್ಪಿಗೆ ತಾನೇ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಟೀಚರ್ ಒಪ್ಪಲಿಲ್ಲ. ನನ್ನ ತಪ್ಪು ಅಂದಾಗ ಸ್ಪಷ್ಟವಾಗಿ ಬರೆದಿರಿ, ನಿಮ್ಮದು ಅಂದಾಗ ಯಾಕೆ ಮಸುಕಾಗಬೇಕು ಎಂದಳು. ಟೆಕ್ನಿಷಿಯನ್ ಆಗ ಮೊದಲ ಸಲ ನೆಟ್ಟಗೆ ಮಾತಾಡಿದ.

"ನೂರಾ ಮೂವತ್ತು ಶಾಲೆ ಮೇಡಂ, ನಾನೊಬ್ಬನೇ. ಆ ಭಂಡಾರ ನಾನ್ ಬರೋಕ್ ಮುಂಚೇನೇ ಇತ್ತು. ಅದೇನು, ಹೇಗೆ ಅಂತ ನನಗ್ಯಾರೂ ಹೇಳ್ಕೊಟ್ಟಿಲ್ಲ."

ಆಕೆ ಅವನನ್ನು ನೋಡಿದಳು. ಸುಳ್ಳು ಹೇಳುತ್ತಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅಯ್ಯೋ ಎನ್ನಿಸಿತು, ಆದರೆ ಆ ಹುಡುಗಿ ಸೂಜಿಯ ಕೆಳಗೆ ಅಪ್ಪನ ಮುಖ ನೋಡಿದ್ದೂ ಸುಳ್ಳಲ್ಲವಲ್ಲ.

"ಗೊತ್ತಿಲ್ಲ ಅಂತ ಬರೀಬಹುದಿತ್ತಪ್ಪ," ಎಂದಳು. "ಅದು ಬರಿಯೋಕೆ ಯಾರೂ ಹೇಳ್ಕೊಡಬೇಕಾಗಿಲ್ಲ."

ಅಷ್ಟರಲ್ಲಿ ಅಕ್ಕ ತಂಗಿಯ ತೋಳು ಜಗ್ಗಿದಳು. ಇಷ್ಟು ಹೊತ್ತೂ ಆಕೆ ಮೇಜಿನ ಕೊನೆಯಲ್ಲಿ ಕೂತು, ತನಗೆ ಯಾರೂ ಏನೂ ಹೇಳುತ್ತಿಲ್ಲವೆಂದು ತನಗೆ ಕಂಡದ್ದನ್ನು ಓದುತ್ತಿದ್ದಳು. ಕಂಡದ್ದು ಒಂದು ತೆರೆದ ಕಡತ. ಅದರಲ್ಲಿ ಗುಲಾಬಿ ಬಣ್ಣದ ನಮೂನೆಗಳು. ಒಂದೊಂದನ್ನೇ ಬೆರಳಿಟ್ಟು ಓದಿ ಮಗುಚಿದ್ದಳು. ಹದಿನಾಲ್ಕು ಶಾಲೆ, ಎಲ್ಲದರಲ್ಲೂ ಅದೇ ಕೈಬರಹ, ಅದೇ ಎರಡು ಪದ, ಕೆಳಗೆ ಆಯಾ ಶಾಲೆಯವರ ಸಹಿ. ಎಲ್ಲಕ್ಕಿಂತ ಕೆಳಗೆ ಅಧಿಕಾರಿಯ ಸಹಿ.

ಟೀಚರ್ ಅದನ್ನು ಬಾಯಿಬಿಟ್ಟು ಹೇಳಿದಳು. ಅಧಿಕಾರಿ ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡರು. ಮುಚ್ಚಿಬಿಡುತ್ತಾರೆ ಎಂದುಕೊಂಡಳು, ಮುಚ್ಚಲಿಲ್ಲ. ಮೊದಲ ನಮೂನೆಯಿಂದ ಶುರುಮಾಡಿ ತಾವು ಸಹಿ ಹಾಕಿದ್ದನ್ನು ತಾವೇ ಓದಿದರು, ಬಹುಶಃ ಮೊದಲ ಸಲ. ಓದಿ ಮುಗಿಸುವ ಹೊತ್ತಿಗೆ ಅವರ ಕಿವಿ ಕೆಂಪಾಗಿತ್ತು. ಸನ್ನೆ ಟೀಚರ್ ಹೇಳಿದ ಹಾಗೆ ಬರೆದರು: 'ಕಾರಣ: ಕಚೇರಿಯ ಭಂಡಾರವನ್ನು ಮೂರು ವರ್ಷದಿಂದ ಹೊಸದು ಮಾಡಿಲ್ಲ.' ಅದಕ್ಕೆ ಆಕೆ ಸಹಿ ಹಾಕಿದಳು.

ಭಂಡಾರವನ್ನು ಅವತ್ತೇ ಮಧ್ಯಾಹ್ನ ಹೊಸದು ಮಾಡಿದರು. ಅದಕ್ಕೆ ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ ಎಂದು ಟೆಕ್ನಿಷಿಯನ್ನೇ ಫೋನು ಮಾಡಿ ಹೇಳಿದ. ಪಾಪ, ಒಳ್ಳೆಯ ಸುದ್ದಿಯೆಂದು ಹೇಳಿದ್ದು. ಆಕೆಗೆ ಅದು ಬಿಸಿ ಕಬ್ಬಿಣ ಮುಟ್ಟಿದ ಹಾಗಾಯಿತು. ಬರೀ ಒಂದು ಗಂಟೆ ಹತ್ತು ನಿಮಿಷಕ್ಕೆ ಗತಿಯಿಲ್ಲದೆ ಮೂರು ವರ್ಷ.

ಗುರುವಾರದಿಂದ ನಿಘಂಟು ನಡೆಯಿತು. ಗುಬ್ಬಿ ಬರೆದವನಿಗೆ ಆಕೆ ಕ್ಷಮೆ ಕೇಳಿ ದೊಡ್ಡ ಕಾಗದ ಬರೆದಳು. ಮೊದಲ ಸಾಲನ್ನು ಹಿಡಿದದ್ದು ಅಕ್ಕ ಎಂದೂ ಬರೆದಳು. ಅವನು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವನಂತೆ, ಊಟದ ಬಿಡುವಿನಲ್ಲಿ ಗುಬ್ಬಿ ನೋಡಿಕೊಳ್ಳುವವನಂತೆ. ಹನ್ನೊಂದು ವರ್ಷದಲ್ಲಿ ಬೈದವರು ಬಹಳ ಮಂದಿ, ಸರಿಹೋಯಿತು ಎಂದು ತಿರುಗಿ ಬರೆದವರು ನೀವೇ ಮೊದಲು ಎಂದು ಉತ್ತರಿಸಿದ. ಕೈಪಿಡಿಯಲ್ಲಿ ಒಂದು ಮಾತು ಸೇರಿಸಿದ: ಇನ್‌ಸ್ಟಾಲ್ ಕೆಟ್ಟರೆ ಮೊದಲ ಸಾಲಿನಿಂದ ಬೆರಳಿಟ್ಟು ಓದಿ.

ಆ ಹದಿನಾಲ್ಕು ಶಾಲೆಗಳು ಮಾತ್ರ ಟೀಚರಿಗೆ ನಿದ್ದೆ ಕೊಡಲಿಲ್ಲ. ಕಚೇರಿ ಅವರಿಗೆ ತಿಳಿಸುತ್ತೇವೆ ಎಂದಿತ್ತು. ಹದಿನೈದು ದಿನ ಕಾದಳು, ಯಾರಿಗೂ ತಿಳಿಸಿರಲಿಲ್ಲ. ಅಕ್ಕ ಅಂದು ಕಡತದಲ್ಲಿ ಓದಿದ ಶಾಲೆಗಳ ಹೆಸರನ್ನೆಲ್ಲ ನೆನಪಿನಿಂದ ಬರೆದುಕೊಟ್ಟಳು, ಒಂದೂ ತಪ್ಪಿರಲಿಲ್ಲ. ಟೀಚರ್ ದಿನಕ್ಕೆ ಎರಡರಂತೆ ಫೋನು ಮಾಡತೊಡಗಿದಳು. ಒಂದು ಕಡೆ ಗಣಿತದ ಲೆಕ್ಕಗಳ ಪುಟ ಹೋಗಿತ್ತು, ಇನ್ನೊಂದು ಕಡೆ ಗ್ರಂಥಾಲಯದ ಪಟ್ಟಿ. ಹೆಚ್ಚಿನವರು ಕೇಳಿ ಸಿಟ್ಟಾದರು. ಒಬ್ಬರು ಮಾತ್ರ ಸಿಟ್ಟಾಗಲಿಲ್ಲ.

ಆತ ಕಣ್ಣು ಕಾಣದ ಮಕ್ಕಳ ಶಾಲೆಯ ಮೇಷ್ಟ್ರು, ತಾವೂ ಕಣ್ಣು ಕಾಣದವರು. ದೊಡ್ಡ ಮಕ್ಕಳಿಂದ ಪಾಠಗಳನ್ನು ಓದಿಸಿ ಧ್ವನಿಮುದ್ರಿಸಿ, ಸಣ್ಣ ಮಕ್ಕಳು ಕೇಳುವಂಥ ಪುಟ ಕಟ್ಟಿದ್ದರು. ಎರಡು ವರ್ಷದ ಹಿಂದೆ ಯಂತ್ರ ಬದಲಾಯಿಸಿದಾಗ ಅದು ನಿಂತಿತು. ಟೆಕ್ನಿಷಿಯನ್ ನಮೂನೆ ಓದಿ ಹೇಳಿದ, ಇವರು ಸಹಿ ಹಾಕಿದರು. ಆಮೇಲೆ ಕಂಪ್ಯೂಟರ್ ಮುಟ್ಟಲೇ ಇಲ್ಲ.

"ನನಗೇ ಬರಲ್ಲ ಅಂತ ಅವರೇ ಬರೆದ್ರಲ್ಲ ಮೇಡಂ," ಎಂದರು ಮೇಷ್ಟ್ರು ಫೋನಿನಲ್ಲಿ. "ವಿಷಯ ಗೊತ್ತಿರೋರು ಬರೆದಿದ್ದು, ನಿಜ ಇರಬೇಕು ಅಂದ್ಕೊಂಡೆ."

ಸುಳ್ಳು ಬರೆದದ್ದಕ್ಕಿಂತ, ಒಬ್ಬ ಮನುಷ್ಯ ಅದನ್ನು ನಂಬಿ ಎರಡು ವರ್ಷ ಬದುಕಿದ್ದನ್ನು ಟೀಚರಿಗೆ ತಡೆದುಕೊಳ್ಳಲಾಗಲಿಲ್ಲ.

ಶನಿವಾರ ಬಸ್ಸು ಹಿಡಿದು ಇಬ್ಬರೂ ಆ ಶಾಲೆಗೆ ಹೋದರು. ಧ್ವನಿಯ ನಕಲುಗಳನ್ನು ಮೇಷ್ಟ್ರು ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಕಮಾಂಡನ್ನು ಟೀಚರ್ ಕೊಡಲಿಲ್ಲ, ಮೇಷ್ಟ್ರ ಕೈಯಿಂದಲೇ ಕೊಡಿಸಿದಳು. ಯಂತ್ರ ಸಾಲು ಸಾಲಾಗಿ ಓದಿ ಹೇಳುತ್ತಾ ಹೋಯಿತು, ಎಲ್ಲೂ ಮುಗ್ಗರಿಸಲಿಲ್ಲ. ಹನ್ನೆರಡು ಗಂಟೆಗೆ ಮುಂಚೆ ಪುಟ ತೆರೆಯಿತು. ಮೊದಲ ಪಾಠ ಒತ್ತಿದಾಗ ಒಬ್ಬ ಹುಡುಗಿಯ ಸ್ಪಷ್ಟ ದನಿ ಕೋಣೆ ತುಂಬಿತು. ಮೇಷ್ಟ್ರು ತಲೆ ಓರೆ ಮಾಡಿ ಪೂರ್ತಿ ಕೇಳಿದರು.

"ಇವಳು ಶಾಲೆ ಮುಗಿಸಿ ಹೋಗಿ ಎರಡು ವರ್ಷ ಆಯ್ತು," ಎಂದರು. "ಕೇಳಬೇಕಾಗಿದ್ದ ಸಣ್ಣೋರು ಕೂಡ ಆ ತರಗತಿ ದಾಟಿದ್ರು. ಅವರಿಗೆ ಇದನ್ನ ಯಾರು ಕೊಡ್ತಾರೆ?"

ಮೇಷ್ಟ್ರು ಏನು ಹೇಳಿದರು ಎಂದು ಅಕ್ಕ ಹುಬ್ಬಿನಲ್ಲೇ ಕೇಳಿದಳು. ತಂಗಿ ಕೈಯಲ್ಲಿ ಹೇಳಿದಳು. ಅಕ್ಕ ಈ ಸಲ ಬೈಯಲಿಲ್ಲ. ಎದ್ದು ಹೋಗಿ ಮೇಷ್ಟ್ರ ಕೈ ಹಿಡಿದು ಗಟ್ಟಿಯಾಗಿ ಅಮುಕಿದಳು. ಮಾತಿಲ್ಲದವಳ ಕೈಯೆಂದು ಅವರಿಗೆ ಹೇಗೆ ತಿಳಿಯಿತೋ, ಅವರೂ ಬಾಯಿ ತೆರೆಯದೆ ಅಮುಕಿದರು.

ವರ್ಷ ಮುಗಿಯುವುದರೊಳಗೆ ಹನ್ನೊಂದು ಶಾಲೆಗಳ ಪುಟಗಳು ಮತ್ತೆ ನಡೆಯತೊಡಗಿದವು. ಎರಡು ಕಡೆ ಅದನ್ನು ಕಟ್ಟಿದವರೇ ಕೆಲಸ ಬಿಟ್ಟಿದ್ದರು, ನಕಲೂ ಉಳಿದಿರಲಿಲ್ಲ. ಒಂದು ಕಡೆ, ಆದದ್ದಾಯಿತು, ಮತ್ತೆ ಕಚೇರಿಯವರ ಎದುರು ಹಾಕಿಕೊಳ್ಳುವುದು ಬೇಡ ಎಂದು ಫೋನು ಇಟ್ಟುಬಿಟ್ಟರು. ಆ ಮೂರನ್ನು ನೆನೆದಾಗ ಟೀಚರಿಗೆ ಈಗಲೂ ಹೊಟ್ಟೆ ಉರಿಯುತ್ತದೆ. ಉರಿಯಲಿ, ಆರಿಸಬೇಡ ಎಂದು ಅಕ್ಕ ಹೇಳುತ್ತಾಳೆ.